ಸೋಲೋಗೆ ಮುಂಚೆ ಇದನ್ನ ಓದ್ಕೋ ಪುಟ್ಟಾ

ಪುಟ್ಟಾ,

ಮುಂದಿನ ವಾರ ನಿಂಗೆ ಫಸ್ಟ್ ಸೋಲೋ, ಇನ್‌ಸ್ಟ್ರಕ್ಟರ್ ಇಲ್ದೆ ಒಬ್ನೇ ವಿಮಾನ ಹಾರಿಸ್ತೀಯ ಅಂತ ನಿಮ್ಮಮ್ಮ ಫೋನ್ ಮಾಡಿ ಹೇಳಿದ್ಳು, ಖುಷಿನೂ ಆಯ್ತು, ರಾತ್ರಿ ನಿದ್ದೆನೂ ಬರ್ಲಿಲ್ಲ. ಟೇಕಾಫ್ ಆದ ತಕ್ಷಣ ಇಂಜಿನ್ ನಿಂತ್ರೆ ರನ್‌ವೇಗೆ ವಾಪಸ್ ತಿರುಗಿಸ್ಬೇಡ ಕಣೋ, ಇದೊಂದು ಮಾತು ಹೇಳೋಕೇ ಈ ಕಾಗದ.

ಇನ್‌ಸ್ಟ್ರಕ್ಟರ್ ನೂರು ಸಲ ಹೇಳಿರ್ತಾರೆ, ಗೊತ್ತು. ಆದ್ರೆ ತಲೆಗೆ ಗೊತ್ತಿರೋದು ಕೈಗೆ ಗೊತ್ತಿರಲ್ಲ. ನಾನು ಕಲೀವಾಗ ಒಂದಿನ ಇನ್ನೂ ಮೇಲೇರ್ತಾ ಇದ್ದಾಗ್ಲೇ ನಮ್ಮ ಇನ್‌ಸ್ಟ್ರಕ್ಟರ್ ಹೇಳ್ದೆ ಕೇಳ್ದೆ ಥ್ರಾಟಲ್ ಎಳೆದು ಇಂಜಿನ್ ಪವರ್ ತೆಗೆದ್ಬಿಟ್ರು, ನಾನು ಮೂರ್ನಾಲ್ಕು ಸೆಕೆಂಡ್ ಏನೂ ತೋಚದೆ ಕೂತಿದ್ದೆ, ಆಮೇಲೆ ಕೈ ತಾನಾಗೇ ಎಡಕ್ಕೆ ರನ್‌ವೇ ಕಡೆ ತಿರುಗ್ಸೋಕೆ ಹೋಯ್ತು, ಸ್ಟಾಲ್ ವಾರ್ನಿಂಗ್, ಅಂದ್ರೆ ರೆಕ್ಕೆ ಇನ್ನು ವಿಮಾನವನ್ನ ಎತ್ತಿ ಹಿಡಿಯಲ್ಲ ಅನ್ನೋ ಎಚ್ಚರಿಕೆ, ಕೂಗೋಕೆ ಶುರು. ಅವ್ರು ಪವರ್ ಕೊಟ್ಟು ಮೇಲೆತ್ತಿದ್ರು. ಆ ಸದ್ದು ಇವತ್ತಿಗೂ ಕಿವೀಲಿದೆ.

ಮೇಲೇರೋವಾಗ ಮೂತಿ ಮೇಲಿರುತ್ತೆ, ಇಂಜಿನ್ ನಿಂತ್ರೆ ಸ್ಪೀಡ್ ಸರ್ರಂತ ಇಳಿಯುತ್ತೆ. ಅದಕ್ಕೇ ಮೊದ್ಲು ಮೂತಿ ಕೆಳಗೆ, ಬೇರೆಲ್ಲ ಆಮೇಲೆ. ನಿನ್ನ ಸೆಸ್ನಾ 172ಎಸ್‌ಗೆ ರೆಕ್ಕೆ ಹಿಂಬದಿಯ ಫ್ಲಾಪ್ ಮೇಲಿದ್ರೆ 70 ನಾಟ್ ಸ್ಪೀಡ್ ಹಿಡಿ, ಇಳಿಸಿದ್ರೆ 65. ವಾಪಸ್ ಬರೋಕೆ 180 ಡಿಗ್ರಿ ತಿರುಗಿದ್ರೆ ಸಾಲಲ್ಲ, ಅಷ್ಟರಲ್ಲಿ ರನ್‌ವೇಯಿಂದ ಪಕ್ಕಕ್ಕೆ ಹೋಗಿರ್ತೀಯ, ಸಾಲಿಗೆ ಬರೋಕೆ ಇನ್ನೂ ತಿರುಗ್ಬೇಕು. ಬೇಗ ತಿರುಗಿಸೋಣ ಅಂತ 45 ಡಿಗ್ರಿ ಬ್ಯಾಂಕ್ ಮಾಡಿದ್ರೆ, ಅಂದ್ರೆ ವಿಮಾನ ಪಕ್ಕಕ್ಕೆ ವಾಲಿಸಿದ್ರೆ, ಸ್ಟಾಲ್ ಆಗೋ ಸ್ಪೀಡೇ ಸುಮಾರು 19 ಪರ್ಸೆಂಟ್ ಏರುತ್ತೆ, 60 ಆದ್ರೆ 41. ನೆಲ ಹತ್ರ ಬರ್ತಿದೆ ಅಂತ ಹೆದರಿ ಕಂಟ್ರೋಲ್ ಇನ್ನಷ್ಟು ಎಳೀತೀಯ, ರೆಕ್ಕೆ ಸ್ಟಾಲ್ ಆಗುತ್ತೆ, ಆ ಎತ್ತರದಲ್ಲಿ ಸ್ಪಿನ್ ಆದ್ರೆ, ಅಂದ್ರೆ ಗಿರಗಿರ ಸುತ್ತುತ್ತಾ ಬೀಳೋಕೆ ಶುರುವಾದ್ರೆ, ಸರಿ ಮಾಡೋಕೆ ಜಾಗನೇ ಇಲ್ಲ.

ಹಾಲಿವುಡ್ ನಟ ಹ್ಯಾರಿಸನ್ ಫೋರ್ಡ್ ಗೊತ್ತಲ್ಲ, 2015ರ ಮಾರ್ಚ್ 5ರಂದು ಸಾಂಟಾ ಮೋನಿಕಾದಿಂದ ತಮ್ಮ ಹಳೇ ರಯಾನ್ ವಿಮಾನದಲ್ಲಿ ಹೊರಟ ಸ್ವಲ್ಪ ಹೊತ್ತಿಗೇ ಇಂಜಿನ್ ಕೈಕೊಡ್ತು, ಇಂಜಿನ್‌ಗೆ ಫ್ಯುಯೆಲ್ ಗಾಳಿ ಬೆರೆಸಿ ಕೊಡೋ ಕಾರ್ಬ್ಯುರೇಟರ್ ಒಳಗೆ ಜೆಟ್ ಅನ್ನೋ ಫ್ಯುಯೆಲ್ ಹರಿಯೋ ಸಣ್ಣ ಭಾಗ ತಿರುಪು ಸಡಿಲಾಗಿ ಕಳಚಿಕೊಂಡಿತ್ತಂತೆ. ಅವ್ರೂ ವಾಪಸ್ ಬರ್ತೀನಿ ಅಂತ ಟವರ್‌ಗೆ ಹೇಳಿ ತಿರುಗಿಸಿದ್ರು, ಆದ್ರೆ ಆಗಲ್ಲ ಅಂತ ಗೊತ್ತಾದ ಕೂಡ್ಲೇ ರನ್‌ವೇ ಆಸೆ ಬಿಟ್ಟು ಗಾಲ್ಫ್ ಮೈದಾನಕ್ಕೆ ಇಳಿಸಿದ್ರು. ಮರದ ತುದಿಗೆ ತಗುಲಿ ಬಿದ್ರು, ಮೂಳೆ ಮುರೀತು, ಜೀವ ಉಳೀತು. ಆಗ ಅವ್ರಿಗೆ 72 ವರ್ಷ. ಆ ವಯಸ್ಸಲ್ಲಿ ಮನಸ್ಸು ಬದಲಾಯಿಸೋಕೆ ಆದದ್ದನ್ನ ನಾನು ತುಂಬಾ ಮೆಚ್ತೀನಿ. ಭುಜದ ಬೆಲ್ಟ್ ಸರಿಯಾಗಿ ಕೂರಿಸಿರ್ಲಿಲ್ಲ, ಅದಕ್ಕೇ ಪೆಟ್ಟು ಜಾಸ್ತಿ ಆಯ್ತು ಅಂತ ತನಿಖೇಲಿ ಬಂತು, ನಿನ್ನ ಬೆಲ್ಟ್ ನೀನೇ ಎಳೆದು ನೋಡ್ಕೋ.

ವಿಮಾನ ಹೋದ್ರೆ ಹೋಗ್ಲಿ ಮರಿ, ಇನ್ಶೂರೆನ್ಸ್ ಇದೆ, ಸ್ಕೂಲಿನವ್ರು ಬೈತಾರೆ ಅನ್ನೋ ಭಯ ಆ ಹೊತ್ತಲ್ಲಿ ತಲೇಲಿ ಬರ್ಲೇಬಾರ್ದು. ಬೆಳಗ್ಗೆ ಎರಡೂ ಟ್ಯಾಂಕಿಂದ ಫ್ಯುಯೆಲ್ ತೆಗೆದು ನೀರಿದ್ಯಾ ನೋಡು. ರನ್‌ವೇಲಿ ನಿಂತಾಗ ಇಂಜಿನ್ ನಿಂತ್ರೆ ಎಲ್ಲಿಗೆ ಇಳಿಸ್ತೀನಿ ಅಂತ ಬಾಯಿಬಿಟ್ಟು ಹೇಳ್ಕೋ, ಯಾರಾದ್ರೂ ಕೇಳಿಸ್ಕೊಂಡ್ರೂ ಪರ್ವಾಗಿಲ್ಲ.

ಈ ಭಾನುವಾರ ನಡ್ಕೊಂಡು ಹೋಗಿ ರನ್‌ವೇಯ ಎರಡೂ ತುದಿ ಆಚೆ ಏನಿದೆ ನೋಡ್ಕೊಂಡು ಬಾ, ಗದ್ದೆನಾ, ಕೆರೆನಾ, ಕರೆಂಟ್ ಕಂಬ ಎಲ್ಲಿದೆ, ಎಲ್ಲ ಬರೆದು ನಂಗೆ ವಾಟ್ಸಾಪ್ ಮಾಡು. ಕಾಯ್ತಿರ್ತೀನಿ.

ನಿನ್ನ ಮಾವ