ಪ್ಲಾಸ್ಟಿಕ್ ಹಾಳೆಗೆ ವಿಕಿರಣದ ಹಣೆಪಟ್ಟಿ ಏಕೆ?

ಮಾನ್ಯ ಸಂಪಾದಕರೇ,

ತುರ್ಭೆ ನಾಕಾದಲ್ಲಿ ‘ವಿಕಿರಣಯುಕ್ತ’ ಪ್ಲಾಸ್ಟಿಕ್ ಹೊತ್ತ ಟೆಂಪೊ ತಡೆದ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಅದರಲ್ಲಿದ್ದ ಮಾಲು ನನ್ನದು: ಎಲೆಕ್ಟ್ರಾನ್ ಕಿರಣ ಹಾಯಿಸಿದ ಪಾಲಿಥಿನ್ ಫೋಮ್ ಹಾಳೆ ಮತ್ತು ಪ್ಯಾಕಿಂಗ್ ಫಿಲ್ಮ್. ಚಲನ್‌ನಲ್ಲಿ ‘ಇರ್ರೇಡಿಯೇಟೆಡ್’ (ಕಿರಣ ಹಾಯಿಸಿದ್ದು) ಎಂದು ಕಂಡದ್ದೇ ತಡ, ನಾಕಾದಲ್ಲಿ ತಪಾಸಣೆಗೆ ನಿಂತಿದ್ದ ಸಾಹೇಬರು ಗಾಡಿಯನ್ನು ಬದಿಗೆ ಹಾಕಿಸಿದರು. ಚಾಲಕ ರಾತ್ರಿಯಿಡೀ ಅಲ್ಲೇ ಕುಳಿತ. ತಾಡಪತ್ರೆ ಬಿಚ್ಚಿಸಿದವರು ಮತ್ತೆ ಮುಚ್ಚಿಸಲಿಲ್ಲ; ಸುರುಳಿಗಳೆಲ್ಲ ಮಳೆಯಲ್ಲಿ ನೆನೆದವು. ಭಿವಂಡಿಯ ಗಿರಾಕಿ ಬೇರೆಯವರಿಂದ ಮಾಲು ತರಿಸಿಕೊಂಡ. ಕಚೇರಿಗೆ ಹೋದರೆ ಸಾಹೇಬರು ಮೀಟಿಂಗ್‌ನಲ್ಲಿ, ಮತ್ತೆ ಹೋದರೆ ಫೈಲು ಮೇಲಿನವರ ಬಳಿ. ಪಕ್ಕದ ಗಾಲಾದವರು (ಕಾರ್ಖಾನೆ ಮಳಿಗೆಯವರು) ಈಗ ನನ್ನ ಕೆಲಸಗಾರರ ಜೊತೆ ಚಹಾ ಕುಡಿಯಲೂ ಹೆದರುತ್ತಿದ್ದಾರೆ. ಇದಕ್ಕೆ ಯಾರು ಹೊಣೆ?

ಎಲೆಕ್ಟ್ರಾನ್ ಕಿರಣ ಹಾಯಿಸುವ ಯಂತ್ರ ನಡೆಯುವುದು ವಿದ್ಯುತ್ತಿನಿಂದ. ಸ್ವಿಚ್ ಆರಿಸಿದರೆ ಕಿರಣವೂ ನಿಂತಿತು. ವಿಕಿರಣಶೀಲ ವಸ್ತು ಅದರಲ್ಲಿ ಇರುವುದೇ ಇಲ್ಲ. ಕಿರಣ ತಾಗಿದ ಹಾಳೆಯೂ ವಿಕಿರಣ ಸೂಸುವುದಿಲ್ಲ. ಎಲೆಕ್ಟ್ರಾನ್‌ಗಳು ಪಾಲಿಥಿನ್‌ನ ಉದ್ದನೆಯ ಅಣುಸರಪಳಿಗಳಿಂದ ಹೈಡ್ರೋಜನ್ ಕಿತ್ತು, ಸರಪಳಿಗಳನ್ನು ಒಂದಕ್ಕೊಂದು ಬೆಸೆಯುತ್ತವೆ. ಬಿಡಿ ಎಳೆಗಳು ಬಲೆಯಾಗುತ್ತವೆ. ಆಮೇಲೆ ಹಾಳೆ ಬಿಸಿಗೆ ಕರಗಿ ಹರಿಯುವುದಿಲ್ಲ, ಫೋಮಿನ ಗುಳ್ಳೆ ಕುಸಿಯುವುದಿಲ್ಲ, ಬಿಸಿಗೆ ಕುಗ್ಗುವ ಶ್ರಿಂಕ್ ಫಿಲ್ಮ್ ತೂತು ಬೀಳದೆ ಬಿಗಿಯುತ್ತದೆ. ಎಲ್ಲ ಪ್ಲಾಸ್ಟಿಕ್‌ಗೂ ಇದು ಒಗ್ಗದು. ಪಾಲಿಪ್ರೊಪಿಲಿನ್‌ಗೆ ಹಾಗೆಯೇ ಕಿರಣ ಹಾಯಿಸಿದರೆ ಪೆಡಸಾಗುತ್ತದೆ. ಕೇಳಿದ್ದರೆ ನಾನೇ ವಿವರಿಸುತ್ತಿದ್ದೆ. ನನ್ನ ಮೇಲೆ ನಂಬಿಕೆ ಇಲ್ಲವೆಂದರೆ ಇಲ್ಲೇ ಖಾರ್ಘರ್‌ನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಎಲೆಕ್ಟ್ರಾನ್ ಕಿರಣ ಕೇಂದ್ರವಿದೆ. ಒಂದು ಫೋನು ಮಾಡಲು ಏನು ಕಷ್ಟವಾಗಿತ್ತು?

2018ರಲ್ಲಿ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ನಿಷೇಧ ಬಂದಾಗಲೂ ಇದೇ ಹಾಡು. ಆದೇಶವನ್ನು ಪೂರ್ತಿ ಓದದೆ ಕಾರ್ಖಾನೆಯ ರೋಲುಗಳನ್ನೂ ಎತ್ತಿಕೊಂಡು ಹೋದರು. ಗಟಾರ ಉಕ್ಕಿ ಗಾಲಾದೊಳಗೆ ನೀರು ನುಗ್ಗಿದರೆ ಇವರು ಕಾಣುವುದಿಲ್ಲ. ರಾತ್ರಿ ರಾಸಾಯನಿಕದ ನಾತಕ್ಕೆ ಉಸಿರು ಕಟ್ಟಿದರೂ ಫೋನು ಎತ್ತುವುದಿಲ್ಲ. ನಿರಪಾಯದ ಹಾಳೆ ಕಂಡರೆ ಮಾತ್ರ ಜನರ ಆರೋಗ್ಯದ ಚಿಂತೆ!

ಮಾಲು ಬಿಡಿ, ಇಲ್ಲವೇ ನಷ್ಟ ಕಟ್ಟಿಕೊಡಿ. ತಡೆಯುವುದೇ ಆದರೆ ವಿಕಿರಣ ಅಳೆಯುವ ಮೀಟರ್ ಹಿಡಿದು ಬನ್ನಿ. ಓದಲೂ ಕೇಳಲೂ ಮನಸ್ಸಿಲ್ಲದವರನ್ನು ನಾಕಾದಲ್ಲಿ ನಿಲ್ಲಿಸುವುದಾದರೂ ಏಕೆ?

– ಒಬ್ಬ ಸಣ್ಣ ಉದ್ಯಮಿ, ತುರ್ಭೆ, ನವಿ ಮುಂಬೈ