4000ದ ಹತ್ತಿರದ ತಗ್ಗು: ಮಗಳಿಗೊಂದು ಪತ್ರ

ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ದನಿ ಏರಿಸಿಬಿಟ್ಟೆ, ಅದಕ್ಕೆ ಬೇಸರವಿದೆ. ಮತ್ತೆ ಮಾತಾಡಹೋದರೆ ಮತ್ತೆ ಜಗಳವೇ ಆಗುತ್ತದೆ, ಬರೆದು ಕಳಿಸು ಅಂದರು ನಿನ್ನಪ್ಪ. ಶನಿವಾರ ನೀನು ಡ್ರಮ್ಸ್ ನುಡಿಸುವ ಕಾರ್ಯಕ್ರಮಕ್ಕೆ ಮೊದಲು ಇದನ್ನು ಪೂರ್ತಿ ಓದು, ಅಷ್ಟು ಸಾಕು.

ನೀನು ಕಳಿಸಿದ ಆಡಿಯೋಗ್ರಾಮ್, ಅದೇ ಕಿವಿ ಪರೀಕ್ಷೆಯ ನಕ್ಷೆ, ನೋಡಿದೆ. ಕೆಳಗಡೆ ಎರಡೂ ಕಿವಿ ನಾರ್ಮಲ್ ಎಂದು ಬರೆದಿದ್ದಾರೆ. ಕಿವಿಯ ಮೊರೆತವೂ ಮೂರನೆಯ ದಿನ ನಿಂತಿತು, ವರದಿಯೂ ನಾರ್ಮಲ್, ಇನ್ನೇನಮ್ಮಾ ಅಂದೆ ನೀನು. ನನಗೆ ಭಯವಾದದ್ದು ಮೊರೆತಕ್ಕಲ್ಲ, ಆ ‘ಇನ್ನೇನು’ ಎಂಬ ಮಾತಿಗೆ.

ಆ ಹಾಳೆಯನ್ನು ಇನ್ನೊಮ್ಮೆ ತೆಗೆದು ನೋಡು. ಕೆಂಪು ಸೊನ್ನೆಗಳು ಬಲಗಿವಿಯವು, ನೀಲಿ ಗುಣಾಕಾರದ ಗುರುತುಗಳು ಎಡಗಿವಿಯವು. ಡೆಸಿಬಲ್ ಅಂಕಿ ಹೆಚ್ಚಾದಷ್ಟೂ ಗೆರೆ ಕೆಳಗೆ, ಕೇಳುವುದು ಕಡಿಮೆ. ಎಡಗಿವಿಯ ಗೆರೆ 500, 1000, 2000 ಹರ್ಟ್ಸ್‌ನಲ್ಲಿ 10 ಡೆಸಿಬಲ್ ಮೇಲೆ ನೆಟ್ಟಗೆ ಬಂದು, 4000ದಲ್ಲಿ 30ಕ್ಕೆ ಕುಸಿದು, 8000ಕ್ಕೆ ಬರುವಷ್ಟರಲ್ಲಿ ಮತ್ತೆ 10ಕ್ಕೆ ಹತ್ತಿದೆ. ಸರಾಸರಿ ತೆಗೆಯುವುದು ಸಾಮಾನ್ಯವಾಗಿ ಮೊದಲ ಮೂರರದ್ದು, ಅಂದರೆ 10. 4000ವನ್ನೂ ಸೇರಿಸಿ ನಾಲ್ಕರದ್ದು ತೆಗೆದರೂ 15 ಬರುತ್ತದೆ. ಹಾಗಾಗಿ ನಾರ್ಮಲ್. ಬರೆದವರು ಸುಳ್ಳು ಬರೆದಿಲ್ಲ. ಎದುರು ಕೂತವರ ಮಾತು ಕೇಳಿಸುತ್ತದೆಯೋ ಇಲ್ಲವೋ ಎಂಬುದಕ್ಕೆ ಆ ಸರಾಸರಿ ಉತ್ತರ ಕೊಡುತ್ತದೆ, ಡ್ರಮ್ ಕಿಟ್ಟಿನ ಲೋಹದ ತಟ್ಟೆ, ಆ ಸಿಂಬಲ್ಲಿನ ಅಂಚಿಗೂ ನಡುವಿಗೂ ಇರುವ ವ್ಯತ್ಯಾಸ ಕೇಳಿಸುತ್ತದೆಯೋ ಎಂಬುದಕ್ಕೆ ಕೊಡುವುದಿಲ್ಲ. ಮೂರು ವಿಷಯದ ಸರಾಸರಿ ತೋರಿಸಿ ನಾಲ್ಕನೆಯ ವಿಷಯದ ಅಂಕ ಮುಚ್ಚಿಟ್ಟ ಹಾಗೆ ಇದೆ ಅದು.

ವಯಸ್ಸಿನಿಂದ ಬರುವ ಕಿವುಡಾದರೆ ಗೆರೆ 8000ದ ತನಕ ಇಳಿಯುತ್ತಲೇ ಹೋಗುತ್ತದೆ. ಹೀಗೆ 4000ದ ಹತ್ತಿರ ತಗ್ಗಿಗಿಳಿದು ಮತ್ತೆ ಮೇಲೆ ಬಂದರೆ ಅದು ಸಾಮಾನ್ಯವಾಗಿ ಜೋರು ಸದ್ದು ಮಾಡಿಹೋದ ಗುರುತು. ಅಲ್ಲೇ ಯಾಕೆ ಎಂದರೆ, ಕಿವಿಯ ನಾಳ ಸುಮಾರು 3000 ಹರ್ಟ್ಸ್ ಆಸುಪಾಸಿನ ಸದ್ದನ್ನು ತಾನಾಗಿಯೇ ಹೆಚ್ಚಿಸಿ ಒಳಗೆ ಕಳಿಸುತ್ತದೆ, ಪೆಟ್ಟು ಬೀಳುವುದು ಅದಕ್ಕಿಂತ ಅರ್ಧ ಸ್ಥಾಯಿಯಷ್ಟು ಮೇಲೆ. ಎಡಗಿವಿಯೇ ಯಾಕೆ ಎಂದು ನಿನಗೆ ಹೇಳಬೇಕಿಲ್ಲ. ಜೋಡಿ ಸಿಂಬಲ್ಲಿನ ಹೈ-ಹ್ಯಾಟ್ ಯಾವ ಕಡೆ ಇದೆ, ಸ್ನೇರ್ ಡ್ರಮ್ ಮೇಲೆ ಬಾಗುವಾಗ ಯಾವ ಕಿವಿ ಹತ್ತಿರವಾಗುತ್ತದೆ, ನೋಡಿಕೋ.

ಮೊರೆತ ನಿಂತಿತು ಎಂದೆಯಲ್ಲ. ಒಳಗಿವಿಯಲ್ಲಿರುವ ರೋಮಕೋಶಗಳು ಒಂದೊಂದು ಕಿವಿಗೆ ಸುಮಾರು 15,000. ಹಕ್ಕಿಗಳಲ್ಲಿ ಅವು ಸತ್ತರೆ ಮತ್ತೆ ಹುಟ್ಟುತ್ತವೆ, ನಮ್ಮಲ್ಲಿ ಹುಟ್ಟುವುದಿಲ್ಲ. ಜೋರು ಸದ್ದಿಗೆ ಬಳಲಿದ ಕೋಶಗಳು ವಿಶ್ರಾಂತಿ ಸಿಕ್ಕರೆ ಚೇತರಿಸಿಕೊಳ್ಳುತ್ತವೆ, ನಿನ್ನ ಮೊರೆತ ಇಳಿದದ್ದೂ ಹಾಗೇ ಇರಬೇಕು. ಆದರೆ 2009ರಲ್ಲಿ ಬಾಸ್ಟನ್ನಿನ ಕುಜಾವಾ ಮತ್ತು ಲಿಬರ್ಮನ್ ಇಲಿಗಳಿಗೆ 100 ಡೆಸಿಬಲ್ ಸದ್ದನ್ನು ಎರಡು ಗಂಟೆ ಕೇಳಿಸಿ ನೋಡಿದರು. ಎರಡು ವಾರದೊಳಗೆ ಪರೀಕ್ಷೆಯಲ್ಲಿ ಕಿವಿ ಮೊದಲಿನಂತೆಯೇ ಇತ್ತು. ಕೋಶದಿಂದ ನರಕ್ಕೆ ಸುದ್ದಿ ದಾಟಿಸುವ ಕೊಂಡಿಗಳು ಮಾತ್ರ, ಪೆಟ್ಟು ಬಿದ್ದ ಜಾಗದಲ್ಲಿ, ಅರ್ಧದಷ್ಟು ಹೋಗಿಬಿಟ್ಟಿದ್ದವು. ಮನುಷ್ಯರಲ್ಲಿ ಇದು ಎಷ್ಟರ ಮಟ್ಟಿಗೆ ಆಗುತ್ತದೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಪುಟ್ಟಿ, ಗೆರೆ ಮೇಲೆ ಬಂದರೂ ಒಳಗೆ ನಷ್ಟ ಆಗಿರಬಹುದು ಎಂದು ತಿಳಿದ ಮೇಲೆ, ಗೆರೆಯೇ ಮೇಲೆ ಬರದ ನಿನ್ನ ಎಡಗಿವಿಯ ಬಗ್ಗೆ ನಾನು ಹೇಗೆ ಸುಮ್ಮನಿರಲಿ?

ನೀನು ಬರೀ ಡ್ರಮ್ಮರ್ ಅಲ್ಲ, ರೆಕಾರ್ಡಿಂಗ್ ಮಿಕ್ಸ್ ಮಾಡುವವಳೂ ಹೌದು. ಆ ಕಡೆಯಿಂದ ಯೋಚಿಸು. ಪಿಯಾನೋದ ಕಟ್ಟಕಡೆಯ ಬಲಗಡೆ ಮನೆಯೇ 4186 ಹರ್ಟ್ಸ್. ಅಂದರೆ 4000ದ ಹತ್ತಿರ ಇರುವುದು ಸ್ವರಗಳ ಬುಡವಲ್ಲ, ಅವುಗಳ ಹೊಳಪು: ಕಡ್ಡಿ ಸಿಂಬಲ್ಲಿಗೆ ತಾಗುವ ಕ್ಷಣ, ಸ್ನೇರಿನ ತಂತಿಯ ಸರಸರ, ಹಾಡುವವರ ಶ, ಸ. ಅಲ್ಲಿ ತಗ್ಗಿರುವ ಕಿವಿ, ಒಂದೊಂದು ಕಂಪನವನ್ನು ಏರಿಸಿ ಇಳಿಸುವ ಈಕ್ಯೂನಲ್ಲಿ ಆ ಜಾಗವನ್ನು ತನಗೇ ಗೊತ್ತಿಲ್ಲದೆ ಎತ್ತುತ್ತದೆ. ನಿನಗೆ ಹದವಾಗಿ ಕೇಳಿದ ಮಿಕ್ಸ್ ಬೇರೆಯವರ ಕಿವಿಗೆ ಚುಚ್ಚುತ್ತದೆ. ವಾಲ್ಯೂಮ್ ಹೆಚ್ಚಿಸಿದಾಗ ತಗ್ಗಿರುವ ಕಿವಿಗೂ ಸದ್ದು ಸರಿಸುಮಾರು ಪೂರ್ತಿ ಕೇಳಿಸತೊಡಗುತ್ತದೆ, ಹಾಗಾಗಿ ಜೋರಾಗಿ ಕೇಳಿದಾಗ ಒಂದು ತೀರ್ಮಾನ, ಮೆಲ್ಲಗೆ ಕೇಳಿದಾಗ ಇನ್ನೊಂದು. ಇದು ಇನ್ನೂ ಮೋಸದ ವಿಷಯ.

ಈಗ ಲೆಕ್ಕ. ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಮಿತಿ ಪ್ರಕಾರ 85 ಡೆಸಿಬಲ್ ಆದರೆ ದಿನಕ್ಕೆ 8 ಗಂಟೆ. ಅಲ್ಲಿಂದ 3 ಡೆಸಿಬಲ್ ಏರಿದ ಹಾಗೆಲ್ಲ ಸಮಯ ಅರ್ಧ: 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1, 97ಕ್ಕೆ ಅರ್ಧ ಗಂಟೆ, 100ಕ್ಕೆ 15 ನಿಮಿಷ. ನಿಮ್ಮ ತಾಲೀಮಿನ ಕೋಣೆಯಲ್ಲಿ 100 ಡೆಸಿಬಲ್ ಏನೂ ಅಪರೂಪವಲ್ಲ. ಮೂರು ಗಂಟೆ ನುಡಿಸಿದರೆ ಒಂದೇ ಸಂಜೆಗೆ ಹನ್ನೆರಡು ದಿನದ ಪಾಲು. ಗಣೇಶನ ಹಬ್ಬದಿಂದ ರಾಜ್ಯೋತ್ಸವದ ತನಕ ಕಾರ್ಯಕ್ರಮದ ಮೇಲೆ ಕಾರ್ಯಕ್ರಮ, ನಡುವೆ ತಾಲೀಮು, ಮನೆಗೆ ಬಂದರೆ ಹೆಡ್‌ಫೋನು. ಊಹೆ ಬೇಡ, ಅಳೆದು ನೋಡು. ಐಫೋನ್ ಇದ್ದರೆ ನಿಯೋಶ್‌ನವರದ್ದೇ ಉಚಿತ ಆ್ಯಪ್ ಇದೆ. ಆಂಡ್ರಾಯ್ಡ್‌ನಲ್ಲಿ ಒಂದೊಂದು ಫೋನ್ ಒಂದೊಂದು ತೋರಿಸುತ್ತದೆ, ಹಾಗಾಗಿ ಬ್ಯಾಂಡಿನಲ್ಲಿ ಐಫೋನ್ ಇರುವವರ ಹತ್ತಿರ ಅಳೆಸು. ಫೋನನ್ನು ಜೇಬಿನಲ್ಲಿಟ್ಟಲ್ಲ, ನಿನ್ನ ಎಡಗಿವಿಯ ಮಟ್ಟದಲ್ಲಿ ಹಿಡಿದು.

ಇದೇ ಲೆಕ್ಕವನ್ನು ತಿರುಗಿಸಿ ನೋಡು. 15 ಡೆಸಿಬಲ್ ಇಳಿಸುವ ಕಿವಿಯ ಪ್ಲಗ್ ಸರಿಯಾಗಿ ಕೂತರೆ 100 ಇದ್ದದ್ದು 85 ಆಗುತ್ತದೆ, 15 ನಿಮಿಷದ ಜಾಗದಲ್ಲಿ 8 ಗಂಟೆ ಸಿಗುತ್ತದೆ. ಆದರೆ ನಡುವೆ ಮಾತಾಡಬೇಕೆಂದು ಪ್ಲಗ್ ತೆಗೆದು, ಮರೆತು ಮೂರು ಹಾಡು, ನಾಲ್ಕು ಹಾಡು ನುಡಿಸಿಬಿಟ್ಟೆಯೋ, ಅಷ್ಟರಲ್ಲೇ ಇಡೀ ದಿನದ ಪಾಲು ಮುಗಿಯಿತು. ಆಮೇಲೆ ಎಷ್ಟು ಜಾಗ್ರತೆಯಾಗಿ ಹಾಕಿಕೊಂಡರೂ ಅದು ವಾಪಸ್ಸು ಬರುವುದಿಲ್ಲ. ಲಂಡನ್ನಿನ ರಾಯಲ್ ಒಪೆರಾ ಹೌಸ್‌ನಲ್ಲಿ 2012ರ ತಾಲೀಮೊಂದರಲ್ಲಿ ಹಿತ್ತಾಳೆ ವಾದ್ಯಗಳ ಮುಂದೆ ಕೂತಿದ್ದ ವಿಯೋಲಾ ವಾದಕ ಕ್ರಿಸ್ಟೋಫರ್ ಗೋಲ್ಡ್‌ಶೈಡರ್ ಅವರ ಕಿವಿಗೆ ಪೆಟ್ಟಾಗಿ, ಕೊನೆಗೆ ಅವರು ವಾದನವನ್ನೇ ಬಿಡಬೇಕಾಯಿತು. ಅವರ ಬಳಿ ಪ್ಲಗ್ ಇತ್ತು. ಯಾವಾಗ ಹಾಕಿಕೊಳ್ಳಬೇಕು ಎಂಬುದನ್ನು ವಾದಕರ ಇಷ್ಟಕ್ಕೇ ಬಿಟ್ಟಿದ್ದರು. 2018ರಲ್ಲಿ ನ್ಯಾಯಾಲಯ ಅದು ಸಾಲದು ಎಂದು ಹೇಳಿ ಅವರ ಪರವಾಗಿ ತೀರ್ಪು ಕೊಟ್ಟಿತು. ನಿನ್ನ ಬ್ಯಾಗಿನ ಮುಂದಿನ ಜೇಬಿನಲ್ಲಿರುವ ಪ್ಲಗ್ ನೆನಪಾಗುತ್ತದೆ ನನಗೆ.

ಫೋಮ್ ಪ್ಲಗ್ ಹಾಕಿದರೆ ಎಲ್ಲ ಮಂಕಾಗುತ್ತದೆ, ನುಡಿಸೋಕ್ಕಾಗಲ್ಲ ಅನ್ನುತ್ತೀಯ. ನಿಜ. ಫೋಮ್ ಮೇಲಿನ ಕಂಪನಗಳನ್ನು ಹೆಚ್ಚು ತಡೆಯುತ್ತದೆ, ಕೆಳಗಿನವನ್ನು ಕಡಿಮೆ. ಅದಕ್ಕೇ ಸಂಗೀತಗಾರರಿಗೆಂದೇ ಫಿಲ್ಟರ್ ಇರುವ ಪ್ಲಗ್ ಬಂದದ್ದು. ಕಿವಿಯ ಅಚ್ಚು ತೆಗೆದು ಮಾಡುವ ಸಿಲಿಕೋನ್ ಪ್ಲಗ್ಗಿಗೆ 9, 15, 25 ಡೆಸಿಬಲ್‌ನ ಫಿಲ್ಟರ್‌ಗಳನ್ನು ಬದಲಿಸಿ ಕೂರಿಸಬಹುದು. ಎಲ್ಲ ಶ್ರುತಿಯನ್ನೂ ಹತ್ತಿರಹತ್ತಿರ ಒಂದೇ ಸಮ ಇಳಿಸುವುದರಿಂದ ಬಣ್ಣ ಕೆಡುವುದಿಲ್ಲ. ಡ್ರಮ್ ಕಿಟ್ಟಿಗೆ 25 ಬೇಕು. ನಿನ್ನ ಪಕ್ಕ ಕೀಬೋರ್ಡ್ ನುಡಿಸುವ ಹುಡುಗನಿಗೆ 15 ಸಾಕು, ಅವನಿಗೂ ಹೇಳು.

ಅಚ್ಚು ತೆಗೆಸುವಾಗ ಮೂರು ವಿಷಯ ನೋಡಿಕೋ. ಮೊದಲು ಗುಗ್ಗೆ ಇದೆಯೇ ಎಂದು ನೋಡಿಸಿ, ಇದ್ದರೆ ಡಾಕ್ಟರ ಹತ್ತಿರವೇ ತೆಗೆಸು. ಹೇರ್‌ಪಿನ್ನು, ಕಿವಿಕಡ್ಡಿ ಬೇಡ. ಅಚ್ಚು ಕಿವಿನಾಳದ ಎರಡನೆಯ ತಿರುವು ದಾಟಿ ಒಳಗೆ ಹೋಗಬೇಕು. ಮೇಲೆಮೇಲೆ ತೆಗೆದ ಅಚ್ಚಿನ ಪ್ಲಗ್ ಹಾಕಿಕೊಂಡು ಹಾಡಿದರೆ ನಿನ್ನ ದನಿಯೇ ಬಿಂದಿಗೆಯೊಳಗಿಂದ ಬಂದಂತೆ ಕೇಳುತ್ತದೆ, ಎರಡು ದಿನಕ್ಕೆ ಬಿಸಾಡುತ್ತೀಯ. ಮತ್ತೆ, ಬಾಯಿ ತೆರೆದಿಟ್ಟುಕೊಂಡೇ ಅಚ್ಚು ತೆಗೆಯಲು ಹೇಳು. ನೀನು ನುಡಿಸುತ್ತಾ ಹಾಡುವವಳು. ದವಡೆ ಆಡಿದಾಗ ನಾಳದ ಆಕಾರ ಬದಲಾಗಿ ಸಂದು ಬಿಡುತ್ತದೆ, ಅಲ್ಲಿಂದ ಸದ್ದು ನುಗ್ಗುತ್ತದೆ. ಕೈಗೆ ಬಂದ ಮೇಲೆ ಒಂದೆರಡು ವಾರ ಮನೆಯ ಅಭ್ಯಾಸಕ್ಕೆ ಮಾತ್ರ ಬಳಸು. 25 ಹಾಕಿದ ಹೊಸದರಲ್ಲಿ ಕೈ ತಾನಾಗಿಯೇ ಜೋರಾಗಿ ಹೊಡೆಯುತ್ತದೆ, ಮಣಿಕಟ್ಟು ನೋಯುತ್ತದೆ. ಸೋಪಿನ ನೀರಲ್ಲಿ ತೊಳೆಯುವಾಗ ಫಿಲ್ಟರ್ ತೆಗೆದಿಡು.

ಶನಿವಾರದೊಳಗೆ ಅದು ಆಗುವುದಿಲ್ಲ, ಗೊತ್ತು. ಹೋಗಲೇಬೇಡ ಎಂದು ಬರೆಯಲು ಕೂತವಳು ನಾನು. ಆದರೆ ಮಿಶ್ರ ಚಾಪು ತಾಳವನ್ನು ನೀನು ಆ ಕಿಟ್ಟಿನ ಮೇಲೆ ಹಂಚಿಟ್ಟ ರೀತಿ, ನಡುವೆ ಕೇಳಿಯೂ ಕೇಳದಂತೆ ಬರುವ ಸ್ನೇರಿನ ಸಣ್ಣ ಹೊಡೆತಗಳು… ಅದನ್ನು ಕೇಳಿದವಳು ಹೋಗಬೇಡ ಎನ್ನಲಾರೆ. ಆ ಸಣ್ಣ ಹೊಡೆತಗಳು ನಿನಗೇ ಕೇಳಿಸದ ದಿನ ಬರಬಾರದು, ಅದೊಂದೇ. ಮತ್ತೆ ಅಲ್ಲಿಗೇ ಬಂದೆ ನೋಡು.

ಹೋಗುವುದಾದರೆ ಫೋಮ್ ಹಾಕಿಕೊಂಡೇ ನುಡಿಸು, ಈ ಒಂದು ಸಲ ಮಂಕಾದರೂ ಪರವಾಗಿಲ್ಲ. ಕೈ ತೊಳೆದುಕೊಂಡು, ಸುಕ್ಕಿಲ್ಲದಂತೆ ತೆಳ್ಳಗೆ ಹೊಸೆ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆ, ಆಗ ನಾಳ ನೆಟ್ಟಗಾಗುತ್ತದೆ. ಒಳಗೆ ತಳ್ಳಿ, ಅದು ಉಬ್ಬಿ ತುಂಬಿಕೊಳ್ಳುವ ತನಕ ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿ. ಕನ್ನಡಿಯಲ್ಲಿ ಅರ್ಧ ಪ್ಲಗ್ ಹೊರಗೆ ಕಂಡರೆ ಅದು ಕೂತಿಲ್ಲ. ಸದ್ದಿನ ನಡುವೆ ಎರಡೂ ಅಂಗೈಯಿಂದ ಕಿವಿ ಮುಚ್ಚಿ ತೆಗೆ. ಬಹಳ ವ್ಯತ್ಯಾಸ ಕೇಳಿದರೆ ಎಲ್ಲೋ ಸೋರುತ್ತಿದೆ, ತೆಗೆದು ಮತ್ತೆ ಹಾಕು. ಹತ್ತಿ ತುರುಕಿಕೊಳ್ಳಬೇಡ, ಅದು ತಡೆಯುವುದು ಕೆಲವೇ ಡೆಸಿಬಲ್. ನುಡಿಸುವಾಗ ಕೇಳಲೆಂದು ಕಿವಿಯೊಳಗೆ ಇಡುವ ಇನ್-ಇಯರ್ ಮಾನಿಟರ್ ಕೊಟ್ಟರೆ ಎರಡೂ ಕಿವಿಗೆ ಹಾಕು. ಜನರ ಚಪ್ಪಾಳೆ ಕೇಳಲೆಂದು ಒಂದನ್ನು ತೆಗೆಯುವ ಅಭ್ಯಾಸ ನಿನಗಿದೆ. ಒಂದೇ ಕಿವಿಯಲ್ಲಿ ಕೇಳುವಾಗ ಸಾಲದೆನಿಸಿ ವಾಲ್ಯೂಮ್ ಏರಿಸುತ್ತೀಯ, ಬರಿಗಿವಿಗೆ ಸಿಂಬಲ್ ಬಡಿಯುತ್ತದೆ. ಎರಡಕ್ಕೂ ನಷ್ಟ. ಸದ್ದು ಮಿತಿ ದಾಟದಂತೆ ತಡೆಯುವ ಲಿಮಿಟರ್ ಹಾಕಿದ್ದಾರೆಯೇ ಎಂದು ಸೌಂಡ್‌ನವರನ್ನು ಕೇಳದೆ ಮಾನಿಟರ್ ಕಿವಿಗಿಡಬೇಡ. ಲಯ ಹಿಡಿಯಲು ಕಿವಿಗೆ ಬರುವ ಕ್ಲಿಕ್ಕಿಗೆ ಆ ಚೂಪು ಬೀಪ್ ಬದಲು ಮಂದವಾದ ಮರದ ಸದ್ದು ಹಾಕಿಸಿಕೋ, ಕಿವಿಗೆ ಅಷ್ಟು ಚುಚ್ಚುವುದಿಲ್ಲ.

ಮುಗಿದ ಮೇಲೆ ಕಡಿಮೆಯೆಂದರೂ 16 ಗಂಟೆ ಕಿವಿಗೆ ಬಿಡುವು ಕೊಡು. ಅವತ್ತು ರಾತ್ರಿಯೇ ರೆಕಾರ್ಡಿಂಗ್ ಕೇಳಬೇಡ, ಮರುದಿನ ಬೆಳಿಗ್ಗೆ ಮಿಕ್ಸಿಗೆ ಕೂರಬೇಡ. ಬಳಲಿದ ಕಿವಿ ಹೇಗೂ ಮೇಲಿನ ಶ್ರುತಿಗಳನ್ನು ತಪ್ಪಾಗಿ ತೂಗುತ್ತದೆ. ಬೈಕಿನಲ್ಲಿ ವಾಪಸ್ಸು ಬರುವುದಾದರೂ ಫೋಮ್ ಇರಲಿ, ಹೆದ್ದಾರಿಯ ವೇಗದಲ್ಲಿ ಹೆಲ್ಮೆಟ್ಟಿನೊಳಗೆ ಗಾಳಿಯ ಸದ್ದೇ 90 ದಾಟುತ್ತದೆ.

ಮನೆಯ ಸ್ಟುಡಿಯೋ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮೈನಸ್ 20ರ ಮಟ್ಟದ ಪಿಂಕ್ ನಾಯ್ಸ್, ಅಂದರೆ ಸ್ಪೀಕರ್ ಹೊಂದಿಸಲು ಬಳಸುವ ಆ ಜುಯ್ಯೆನ್ನುವ ಸದ್ದು, ಹಾಕಿ, ಒಂದೊಂದೇ ಸ್ಪೀಕರನ್ನು ನೀನು ಕೂರುವ ಜಾಗದಲ್ಲಿ 73ರಿಂದ 76 ಡೆಸಿಬಲ್ಲಿಗೆ ಹೊಂದಿಸಿ, ಗುಂಡಿಯ ಮೇಲೆ ಗುರುತು ಹಾಕು. ಅಷ್ಟು ಸಣ್ಣ ಕೋಣೆಗೆ ಅದೇ ಸಾಕು. ಮೆಲ್ಲಗೆ ಕೇಳಿದಾಗ ಬೇಸ್ ಕಡಿಮೆ ಅನಿಸುವುದು ಕಿವಿಯ ಸ್ವಭಾವ, ಸ್ಪೀಕರಿನ ದೋಷವಲ್ಲ. ಬೇಸ್ ನೋಡಲು ಒಂದೆರಡು ನಿಮಿಷ 85ಕ್ಕೆ ಏರಿಸಿ ಮತ್ತೆ ಇಳಿಸು. ಹೆಡ್‌ಫೋನ್ ಕಿವಿಗೆ ಹಾಕುವ ಮೊದಲು ಗುಂಡಿ ಸೊನ್ನೆಗೆ ಬರಲಿ. ಮಾಸ್ಟರ್ ಮೇಲೆ ಲಿಮಿಟರ್ ಸದಾ ಇರಲಿ, ಪ್ಲಗಿನ್ ಕೆಟ್ಟು ಕಿರುಚಿದರೆ ಕೈ ಗುಂಡಿಗೆ ಹೋಗುವಷ್ಟರಲ್ಲಿ ತಡವಾಗಿರುತ್ತದೆ. ತಾಲೀಮಿನ ಕೋಣೆಯಲ್ಲಿ ಟೈಲ್ಸ್ ಮೇಲೆ ದಪ್ಪ ಜಮಖಾನೆ ಹಾಸಿ, ಸಿಂಬಲ್ ಎದುರಿನ ಗೋಡೆಗೆ ಎರಡು ಪದರ ಕೌದಿ ಇಳಿಬಿಡಿ. ಬರಿಗೋಡೆ ಅದೇ ಹೊಡೆತವನ್ನು ಎರಡನೆಯ ಸಲ ನಿನ್ನ ಕಿವಿಗೆ ಕಳಿಸುತ್ತದೆ.

ಮೊರೆತ ಮತ್ತೆ ಬಂದರೆ ಗಾಬರಿಯಾಗಬೇಡ. ಪೂರ್ತಿ ನಿಶ್ಶಬ್ದದಲ್ಲಿ ಮಲಗಿದರೆ ಅದೇ ದೊಡ್ಡದಾಗಿ ಕೇಳುತ್ತದೆ. ಫ್ಯಾನ್ ಹಾಕು, ಇಲ್ಲವೇ ಮಳೆಯ ಸದ್ದನ್ನು ಮೊರೆತಕ್ಕಿಂತ ತುಸು ಕೆಳಗಿಟ್ಟುಕೋ. ಹೆದರಿ ಹಗಲೆಲ್ಲ, ಅಡುಗೆಮನೆಯಲ್ಲೂ ಪ್ಲಗ್ ಹಾಕಿಕೊಂಡು ಓಡಾಡಬೇಡ, ಆಗ ಪಾತ್ರೆಯ ಸದ್ದೂ ತಡೆಯಲಾಗದಷ್ಟು ಕಿವಿ ಸೂಕ್ಷ್ಮವಾಗುತ್ತದೆ. ಕಿವಿಗೆ ಬೆಚ್ಚಗಿನ ಎಣ್ಣೆ ಬಿಡು ಎಂದು ಅಜ್ಜಿ ಹೇಳುತ್ತಾರೆ, ಬೇಡ. ಎಣ್ಣೆ ಪರದೆಯ ಆಚೆ ಹೋಗುವುದಿಲ್ಲ, ತೊಂದರೆ ಇರುವುದು ಆಚೆ. ಜಾಹೀರಾತಿನ ಮಾತ್ರೆಗಳೂ ಬೇಡ, ಮೊರೆತ ನಿಲ್ಲಿಸುತ್ತದೆ ಎಂದು ರುಜುವಾತಾದ ಔಷಧಿ ಇಲ್ಲ. ಆದರೆ ಒಂದು ಕಿವಿ ಇದ್ದಕ್ಕಿದ್ದಂತೆ ಮುಚ್ಚಿಕೊಂಡರೆ, ತಲೆ ತಿರುಗಿದರೆ, ಇಲ್ಲವೇ ನಾಡಿಯ ಬಡಿತಕ್ಕೆ ಸರಿಯಾಗಿ ಮೊರೆತ ಬಡಿದರೆ ಅವತ್ತೇ ಇಎನ್‌ಟಿ ಡಾಕ್ಟರ ಹತ್ತಿರ ಹೋಗು. ನೆಗಡಿ ಇರಬೇಕು ಎಂದು ಕಾಯಬೇಡ. ದಿಢೀರ್ ಕಿವುಡಿಗೆ ಸ್ಟೀರಾಯ್ಡ್ ಕೆಲಸ ಮಾಡುವುದು ಮೊದಲ ಎರಡು ವಾರದೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು.

ರಾಜ್ಯೋತ್ಸವದ ಗಲಾಟೆ ಶುರುವಾಗುವ ಮೊದಲು ಇನ್ನೊಂದು ಆಡಿಯೋಗ್ರಾಮ್ ಮಾಡಿಸು. ಹಿಂದಿನ 14 ಗಂಟೆ ಜೋರು ಸದ್ದಿನಿಂದ ದೂರ ಇದ್ದು ಬೆಳಿಗ್ಗೆ ಹೋಗು. 3000, 6000 ಹರ್ಟ್ಸ್ ಕೂಡ ನೋಡಿ, ಸಾಧ್ಯವಾದರೆ 16,000ದ ತನಕ ನೋಡಿ, ರೋಮಕೋಶಗಳು ಹೊರಡಿಸುವ ಸಣ್ಣ ಸದ್ದನ್ನು ಅಳೆಯುವ ಓಎಇ ಪರೀಕ್ಷೆಯನ್ನೂ ಮಾಡಿ ಎಂದು ಬಾಯಿಬಿಟ್ಟು ಕೇಳು, ಕೇಳದಿದ್ದರೆ ಮಾಡುವುದಿಲ್ಲ. ಇಲ್ಲ ಮೈಸೂರಿಗೇ ಬಾ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಎಲ್ಲವೂ ಒಂದೇ ಕಡೆ ಆಗುತ್ತದೆ. ಪ್ಲಗ್ಗಿನ ಅಚ್ಚಿಗೆ ನಿನ್ನ ಖಾತೆಗೆ ದುಡ್ಡು ಹಾಕಿದ್ದೇನೆ, ಹೊಸ ಸಿಂಬಲ್ಲಿಗೆ ಖರ್ಚು ಮಾಡಬೇಡ. ಕೀಬೋರ್ಡ್ ಹುಡುಗನದ್ದೂ ಅದರಲ್ಲೇ ಆಗುತ್ತದೆ.

ಭಾನುವಾರ ಫೋನ್ ಮಾಡು. ಎಡಗಿವಿಗಿಟ್ಟು ಮಾತಾಡು.

ಅಮ್ಮ