ಹಳೆಯ ಕ್ಯಾಮೆರಾಕ್ಕೆ ಸರಿಯಾದ ಸೆಲ್

ಮಾನ್ಯರೇ,

ಆನೆಗೊಂದಿಯ ಗುಡ್ಡಗಳನ್ನು ಇಂದಿಗೂ ರೀಲ್ ಕ್ಯಾಮೆರಾದಲ್ಲೇ ಸೆರೆಹಿಡಿಯುವ ನನ್ನಂಥವರಿಗೆ, ಕ್ಯಾನೊನೆಟ್‌ನಂತಹ ಕ್ಯಾಮೆರಾಗಳ ಬೆಳಕಿನ ಮೀಟರಿಗೆ ಬೇಕಾದ 1.35 ವೋಲ್ಟ್‌ನ ಪಾದರಸದ ಸೆಲ್ ಈಗ ಸಿಗುವುದಿಲ್ಲ. ಪಾದರಸ ವಿಷಕಾರಿಯಾದ್ದರಿಂದ ಅದನ್ನು ನಿಲ್ಲಿಸಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ‘ಗಾತ್ರ ಒಂದೇ’ ಎಂದು ಅಂಗಡಿಯವರು ಕೊಡುವ 1.5 ವೋಲ್ಟ್‌ನ ಆಲ್ಕಲೈನ್ ಸೆಲ್ ಹಾಕಿದರೆ, ಬಳಸಿದಂತೆಲ್ಲ ಅದರ ವೋಲ್ಟೇಜ್ ಇಳಿಯುವುದರಿಂದ ಮೀಟರ್ ಇಂದು ಒಂದು, ನಾಳೆ ಇನ್ನೊಂದು ಲೆಕ್ಕ ತೋರಿಸುತ್ತದೆ. ನನ್ನದೊಂದು ಇಡೀ ರೀಲ್ ಹೀಗೆಯೇ ಕೆಟ್ಟಿತು. ಇದರ ಬದಲು ಶ್ರವಣಯಂತ್ರದ 675 ಸಂಖ್ಯೆಯ, ಗಾಳಿ ತಾಗಿದಾಗ ಕೆಲಸ ಮಾಡುವ ಜಿಂಕ್-ಏರ್ ಸೆಲ್ಲನ್ನು ರಬ್ಬರ್ ಉಂಗುರದೊಳಗೆ ಕೂರಿಸಿದರೆ ಹೆಚ್ಚುಕಡಿಮೆ ಹಳೆಯ ವೋಲ್ಟೇಜೇ ಸ್ಥಿರವಾಗಿ ದೊರೆಯುತ್ತದೆ. ಗಾಳಿರಂಧ್ರದ ಮೇಲಿನ ಪಟ್ಟಿ ಕಿತ್ತ ಬಳಿಕ ಅದು ಕೆಲವೇ ತಿಂಗಳು ಬಾಳುತ್ತದೆ, ನಮ್ಮ ಒಣಹವೆಯಲ್ಲಿ ಇನ್ನೂ ಕಡಿಮೆ. ಮನೆಗಳಲ್ಲಿ ಉಳಿದಿರುವ ಪಾದರಸದ ಸೆಲ್‌ಗಳು ಕಸದೊಂದಿಗೆ ಬೆರೆಯದಂತೆ ಪ್ರತ್ಯೇಕವಾಗಿ ಸಂಗ್ರಹಿಸುವ ವ್ಯವಸ್ಥೆಯನ್ನು ನಗರಸಭೆ ಮಾಡಬೇಕೆಂದು ಕೋರುತ್ತೇನೆ.

– ಓದುಗ, ಗಂಗಾವತಿ, ಕೊಪ್ಪಳ ಜಿಲ್ಲೆ